ನಾಂದೂರ್ ಮಧ್ಯಮೇಶ್ವರ: ಕಾಲುವೆಗಾಗಿ ಕಟ್ಟಿದ ಕೆರೆ, ಅಳಿವಿನ ಅಂಚಿನ ದೇವಳಾಲಿ ಮೀನು

ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಸಿನ್ನರ್ ಎಂದರೆ ಬರಪೀಡಿತ ತಾಲೂಕು ಎಂದೇ ಹೆಸರು. ಆದರೆ ಸಿನ್ನರ್ ಪಟ್ಟಣದಿಂದ ಈಶಾನ್ಯಕ್ಕೆ ಸುಮಾರು 30 ಕಿ.ಮೀ. ಹೋದರೆ ಕಬ್ಬಿನ ಗದ್ದೆಗಳ ನಡುವೆ ವಿಶಾಲವಾದ ಹಿನ್ನೀರು ಕಾಣುತ್ತದೆ. ಗೋದಾವರಿ ಮತ್ತು ಕಾದವಾ ನದಿಗಳು ಸೇರುವ ಜಾಗ ಇದು. ಹೆಸರು ನಾಂದೂರ್ ಮಧ್ಯಮೇಶ್ವರ. ಮಹಾರಾಷ್ಟ್ರಕ್ಕೆ ಸಿಕ್ಕ ಮೊದಲ ರಾಮ್ಸರ್ ತಾಣವೂ ಇದೇ.

ಇಲ್ಲಿನ ಹಕ್ಕಿಗಳ ಬಗ್ಗೆ ಸಾಕಷ್ಟು ಸುದ್ದಿ ಬರುತ್ತದೆ. ನೀರಿನೊಳಗಿನ ಮೀನುಗಳ ಬಗ್ಗೆ ಬರುವುದು ಕಡಿಮೆ. ರಾಮ್ಸರ್ ದಾಖಲೆಯಲ್ಲಿ ಈ ತಾಣದ ಅತಿ ಅಪಾಯದಲ್ಲಿರುವ ಜೀವಿಗಳ ಸಾಲಿನಲ್ಲಿ ಎರಡು ರಣಹದ್ದುಗಳ ಜತೆ ಒಂದು ಪುಟ್ಟ ಮೀನಿನ ಹೆಸರೂ ಇದೆ. ಈ ಕೆರೆ ಹೇಗೆ ಹುಟ್ಟಿತು, ಇದರಲ್ಲಿ ಯಾವ ಮೀನುಗಳಿವೆ, ಇಲ್ಲಿನ ನೀರಿಗಾಗಿ ಯಾರೆಲ್ಲ ಕಾಯುತ್ತಾರೆ ಎಂಬ ವಿವರ ಇಲ್ಲಿದೆ.

ಎಲ್ಲಿದೆ ಈ ಜಲಾಶಯ?

ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯದೇ ತ್ರ್ಯಂಬಕೇಶ್ವರದ ಬ್ರಹ್ಮಗಿರಿ ಬೆಟ್ಟದಲ್ಲಿ. ಅಲ್ಲಿಂದ ಬಂಗಾಳ ಕೊಲ್ಲಿಯವರೆಗೆ ಸುಮಾರು 1,465 ಕಿ.ಮೀ. ಹರಿಯುವ ಈ ನದಿ ಮೊದಲು ಗಂಗಾಪುರ ಅಣೆಕಟ್ಟೆಗೆ, ನಂತರ ನಾಸಿಕ್ ನಗರಕ್ಕೆ ಬರುತ್ತದೆ. ನಗರ ದಾಟಿದ ಮೇಲೆ ದಕ್ಷಿಣದಿಂದ ದಾರಣಾ ನದಿ ಬಂದು ಸೇರುತ್ತದೆ. ಅದರಿಂದ ಕೆಳಗೆ, ನಿಫಾಡ್ ತಾಲೂಕಿನ ನಾಂದೂರ್ ಮಧ್ಯಮೇಶ್ವರದಲ್ಲಿ, ದಿಂಡೋರಿ ಕಡೆಯಿಂದ ಇಳಿದು ಬರುವ ಕಾದವಾ ಕೂಡಿಕೊಳ್ಳುತ್ತದೆ. ಈ ಸಂಗಮದಲ್ಲೇ ನದಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಇದೆ.

ಇಡೀ ಪ್ರದೇಶ ಸಹ್ಯಾದ್ರಿಯ ಮಳೆ ನೆರಳಿನಲ್ಲಿದೆ. ಘಟ್ಟದ ಅಂಚಿನಲ್ಲಿರುವ ಇಗತ್‌ಪುರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಬಿದ್ದರೆ, ಪೂರ್ವಕ್ಕೆ ಸರಿದಂತೆ ಮಳೆ ವೇಗವಾಗಿ ಕಡಿಮೆಯಾಗುತ್ತದೆ. ಸಿನ್ನರ್‌ಗೆ ಸಿಗುವುದು ಅದರಲ್ಲಿ ಸಣ್ಣ ಪಾಲು. ಆಗುಂಬೆಯಿಂದ ಹೊರಟು ಚಿತ್ರದುರ್ಗ ತಲುಪಿದಾಗ ಕಾಣುವ ವ್ಯತ್ಯಾಸವೇ ಇಲ್ಲಿಯೂ ಕಾಣುತ್ತದೆ. ಹಾಗಾಗಿ ಈ ಬಯಲಿನ ಬೇಸಾಯ ತನ್ನ ಮೇಲೆ ಬೀಳುವ ಮಳೆಗಿಂತ ಹೆಚ್ಚಾಗಿ ಘಟ್ಟದಿಂದ ಹರಿದು ಬರುವ ನೀರನ್ನು ನಂಬಿದೆ.

ಸಿನ್ನರ್ ಹೆಸರು ಕರ್ನಾಟಕದ ಇತಿಹಾಸ ಓದಿದವರಿಗೆ ಹೊಸದಲ್ಲ. ಹೊಯ್ಸಳರ ಜತೆ ದೀರ್ಘಕಾಲ ಸೆಣಸಿದ ಸೇವುಣರು, ಅಂದರೆ ದೇವಗಿರಿಯ ಯಾದವರು, ಆರಂಭದಲ್ಲಿ ಆಳಿದ್ದು ಈ ಭಾಗದಿಂದಲೇ. ಅವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಸಿನ್ನರ್‌ನ ಗೊಂದೇಶ್ವರ ದೇವಾಲಯ ಆ ಕಾಲದ ಗುರುತಾಗಿ ಇಂದಿಗೂ ನಿಂತಿದೆ. ಮುಂದೆ ಅವರು ರಾಜಧಾನಿ ಮಾಡಿಕೊಂಡ ದೇವಗಿರಿ ಇಂದಿನ ಛತ್ರಪತಿ ಸಂಭಾಜಿನಗರ ಜಿಲ್ಲೆಯಲ್ಲಿದೆ. ಈಗ ಈ ಎರಡು ಜಿಲ್ಲೆಗಳ ನಡುವೆ ಚರ್ಚೆಯಲ್ಲಿರುವ ವಿಷಯ ಗೋದಾವರಿಯ ನೀರು.

ಹಿಮನದಿ ಕೊರೆದ ಸರೋವರವಲ್ಲ, ಹೂಳು ಕಟ್ಟಿದ ಕೆರೆ

ಜಗತ್ತಿನ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಹಲವು ಉತ್ತರ ಗೋಳದ ಶೀತ ಪ್ರದೇಶದಲ್ಲಿವೆ. ಹಿಮಯುಗದಲ್ಲಿ ಹಿಮನದಿಗಳು ಬಂಡೆಯನ್ನು ಕೊರೆದು ಮಾಡಿದ ಆಳವಾದ ತಗ್ಗುಗಳಲ್ಲಿ ನೀರು ತುಂಬಿ ಅವು ಹುಟ್ಟಿದವು. ಕೆನಡಾದ ಗ್ರೇಟ್ ಬೇರ್, ಗ್ರೇಟ್ ಸ್ಲೇವ್ ಸರೋವರಗಳು ಇದಕ್ಕೆ ಉದಾಹರಣೆ. ಗ್ರೇಟ್ ಸ್ಲೇವ್ ಸರೋವರದ ಆಳ 600 ಮೀಟರ್ ದಾಟುತ್ತದೆ. ಅಲ್ಲಿನ ನೀರು ವರ್ಷದ ಹಲವು ತಿಂಗಳು ಹೆಪ್ಪುಗಟ್ಟಿರುತ್ತದೆ. ಟ್ರೌಟ್, ವೈಟ್‌ಫಿಶ್‌ನಂಥ ಕೆಲವೇ ಬಗೆಯ ಮೀನುಗಳು ಅಲ್ಲಿ ನಿಧಾನವಾಗಿ ಬೆಳೆದು ದಶಕಗಟ್ಟಲೆ ಬದುಕುತ್ತವೆ.

ದಖ್ಖನ್ ಪ್ರಸ್ಥಭೂಮಿಯಲ್ಲಿ ಅಂಥ ಹಿಮನದಿಗಳು ಕೆಲಸ ಮಾಡಿಲ್ಲ. ಇಲ್ಲಿನ ನೆಲ ಕೋಟ್ಯಂತರ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಅದರ ಮೇಲೆ ಎರೆಮಣ್ಣು ಕೂತಿದೆ. ಬುಲ್ಢಾಣಾ ಜಿಲ್ಲೆಯಲ್ಲಿ ಉಲ್ಕೆ ಬಿದ್ದು ಆದ ಲೋಣಾರ್ ಸರೋವರದಂಥ ಅಪರೂಪದ ಕೆಲವನ್ನು ಬಿಟ್ಟರೆ, ಈ ಭಾಗದಲ್ಲಿ ಕಾಣುವ ದೊಡ್ಡ ನೀರು ಮನುಷ್ಯರು ಕಟ್ಟಿದ್ದೇ.

ನಾಂದೂರ್ ಮಧ್ಯಮೇಶ್ವರದ ಒಡ್ಡಿನ ಕೆಲಸ ಶುರುವಾಗಿದ್ದು ಬ್ರಿಟಿಷ್ ಆಡಳಿತದಲ್ಲಿ, 1907ರ ಸುಮಾರಿಗೆ. ನೀರು ಸಂಗ್ರಹಿಸುವುದು ಇದರ ಮುಖ್ಯ ಉದ್ದೇಶವಾಗಿರಲಿಲ್ಲ. ನದಿಯ ಮಟ್ಟವನ್ನು ಸ್ವಲ್ಪ ಎತ್ತರಿಸಿ, ಎಡ ಮತ್ತು ಬಲ ದಂಡೆಯ ಕಾಲುವೆಗಳಿಗೆ ನೀರು ತಿರುಗಿಸುವುದಷ್ಟೇ ಇದರ ಕೆಲಸ. ನೀರು ಕೂಡಿಡಲು ಮೇಲ್ಭಾಗದಲ್ಲಿ, ಇಗತ್‌ಪುರಿ ತಾಲೂಕಿನಲ್ಲಿ, ದಾರಣಾ ಅಣೆಕಟ್ಟು ಕಟ್ಟಲಾಯಿತು. ಅದು ಪೂರ್ಣಗೊಂಡಿದ್ದು 1916ರಲ್ಲಿ. ದಾರಣಾದಲ್ಲಿ ಬಿಟ್ಟ ನೀರು ನದಿಯಲ್ಲೇ ಹರಿದು ಬಂದು ನಾಂದೂರ್ ಮಧ್ಯಮೇಶ್ವರದಲ್ಲಿ ಕಾಲುವೆ ಹತ್ತುತ್ತದೆ. ಮೇಲೊಂದು ಟ್ಯಾಂಕ್, ಕೆಳಗೊಂದು ನಲ್ಲಿ, ನಡುವೆ ಪೈಪಿನ ಬದಲು ನದಿ ಎಂದುಕೊಂಡರೆ ವ್ಯವಸ್ಥೆ ಅರ್ಥವಾಗುತ್ತದೆ.

ಒಡ್ಡು ನಿಂತ ಮೇಲೆ ನೀರಿನ ವೇಗ ಕಡಿಮೆಯಾಯಿತು. ಮಳೆಗಾಲದ ಕೆಂಪು ನೀರು ಹೊತ್ತು ತಂದ ಮಣ್ಣು ಇಲ್ಲೇ ಕೆಳಗೆ ಕೂತಿತು. ನೂರು ವರ್ಷದಲ್ಲಿ ಆ ಹೂಳು ದ್ವೀಪಗಳಾಗಿ, ಜೌಗು ನೆಲವಾಗಿ, ಮೊಣಕಾಲುದ್ದದ ನೀರಿನ ಬಯಲಾಗಿ ಬದಲಾಗಿದೆ. ನೀರಾವರಿ ಲೆಕ್ಕದಲ್ಲಿ ಇದು ನಷ್ಟ. ಇಲ್ಲಿ ನಿಲ್ಲುವ ನೀರು ಒಂದು ಟಿಎಂಸಿಗೂ ಬಹಳ ಕಡಿಮೆ. ಜೀವಿಗಳ ಲೆಕ್ಕದಲ್ಲಿ ಮಾತ್ರ ಅದೇ ಹೂಳು ಲಾಭವಾಯಿತು. ಆಳವಿಲ್ಲದ, ಬಿಸಿಲು ತಳದವರೆಗೆ ತಲುಪುವ, ಜೊಂಡು ಮತ್ತು ನೀರುಗಿಡ ತುಂಬಿದ ನೀರಿನಲ್ಲಿ ಹುಳು, ಸೀಗಡಿ, ಮೀನು ಹೇರಳವಾಗಿ ಬೆಳೆದವು. ಅವನ್ನು ತಿನ್ನಲು ಹಕ್ಕಿಗಳು ಬಂದವು.

ಪಕ್ಷಿಧಾಮದಿಂದ ರಾಮ್ಸರ್‌ವರೆಗೆ

ಪಕ್ಷಿತಜ್ಞ ಸಲೀಂ ಅಲಿ ಅವರ ಗಮನ ಸೆಳೆದ ಈ ತಾಣಕ್ಕೆ 'ಮಹಾರಾಷ್ಟ್ರದ ಭರತ್‌ಪುರ' ಎಂಬ ಹೆಸರು ಅಂಟಿಕೊಂಡಿತು. 1986ರಲ್ಲಿ ರಾಜ್ಯ ಸರ್ಕಾರ ಇದನ್ನು ವನ್ಯಜೀವಿ ಧಾಮ ಎಂದು ಘೋಷಿಸಿತು. ಜೌಗು ಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನಿನ ರಾಮ್ಸರ್ ನಗರದಲ್ಲಿ ಆದ ಒಪ್ಪಂದದ ಪಟ್ಟಿಗೆ 2019ರಲ್ಲಿ ಸೇರಿತು. ಹೊಸ ಸೇರ್ಪಡೆಗಳ ಸುದ್ದಿ ಹೊರಬಿದ್ದಿದ್ದು 2020ರ ಜನವರಿಯಲ್ಲಿ. ಪಟ್ಟಿಯಲ್ಲಿರುವ ವಿಸ್ತೀರ್ಣ 1,437 ಹೆಕ್ಟೇರ್. ದಾಖಲಾದ ಜೀವಿ ಮತ್ತು ಸಸ್ಯ ಪ್ರಭೇದಗಳು 536.

ಕರ್ನಾಟಕಕ್ಕೆ ಮೊದಲ ರಾಮ್ಸರ್ ತಾಣ ಸಿಕ್ಕಿದ್ದು 2022ರಲ್ಲಿ, ರಂಗನತಿಟ್ಟು. ಆಮೇಲೆ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ಅಳಿವೆ ಸೇರಿದವು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತು ನಾಂದೂರ್ ಮಧ್ಯಮೇಶ್ವರಕ್ಕೂ ಬರುತ್ತದೆ. ಲಡಾಖ್‌ನ ತ್ಸೋ ಮೊರಿರಿ, ಟಿಬೆಟ್, ಮಂಗೋಲಿಯಾದ ಎತ್ತರದ ಸರೋವರಗಳ ದಡದಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಹಾರುವ ಹಕ್ಕಿ ಅದು. ಉತ್ತರದ ಆ ನೀರು ಹೆಪ್ಪುಗಟ್ಟುವ ಹೊತ್ತಿಗೆ ಅವುಗಳಿಗೆ ದಖ್ಖನ್ನಿನ ಈ ಆಳವಿಲ್ಲದ ಕೆರೆಗಳೇ ಆಸರೆ. ನಿಫಾಡ್ ಸ್ವತಃ ಚಳಿಗೆ ಹೆಸರಾದ ಊರು. ಚಳಿಗಾಲದಲ್ಲಿ ಮಹಾರಾಷ್ಟ್ರದ ಅತಿ ಕಡಿಮೆ ತಾಪಮಾನ ಅಲ್ಲಿ ದಾಖಲಾಗುವುದು ಸಾಮಾನ್ಯ. ಆದರೂ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವುದಿಲ್ಲ.

ನೀರಿನಲ್ಲಿ ಯಾವ ಮೀನುಗಳಿವೆ?

ಅಭಯಾರಣ್ಯದ ವಿವರಗಳಲ್ಲಿ ಸಾಮಾನ್ಯವಾಗಿ ಕಾಣುವ ಸಂಖ್ಯೆ 24 ಜಾತಿ ಮೀನುಗಳು. ಗೋದಾವರಿಯ ಈ ಭಾಗದ ಮೀನುಗಳನ್ನು ಸ್ಥೂಲವಾಗಿ ಮೂರು ಗುಂಪು ಮಾಡಬಹುದು.

*ಮೊದಲನೆಯದು ನದಿಯ ಮೂಲ ಮೀನುಗಳು.* ಮರಾಠಿಯಲ್ಲಿ 'ಮರಳ್' ಎನ್ನುವ ಕೊರವ ಮೀನು, ಹಾವಿನಂತೆ ಉದ್ದನೆಯ 'ವಾಮ್', ದೊಡ್ಡ ಬಾಯಿಯ ಬೇಟೆಗಾರ 'ಶಿವಡಾ' ಅಂದರೆ ನಮ್ಮ ವಾಳೆ ಮೀನು, ಮೀಸೆಯುಳ್ಳ ಸಣ್ಣ ಮೀನುಗಳು, ಬೆಳ್ಳಿ ಬಣ್ಣದ ಪುಟ್ಟ ಪಕ್ಕೆ ಮೀನುಗಳು ಈ ಗುಂಪಿನವು. ಕೊರವ ಮೀನಿಗೆ ಗಾಳಿಯನ್ನೇ ಉಸಿರಾಡುವ ಶಕ್ತಿ ಇರುವುದರಿಂದ ಕೆಸರು ನೀರಿನಲ್ಲೂ ತಡೆದುಕೊಳ್ಳುತ್ತದೆ. ಉಳಿದ ಹಲವಕ್ಕೆ ಹರಿಯುವ, ಶುದ್ಧ ನೀರೇ ಬೇಕು.

*ಎರಡನೆಯದು ಮನುಷ್ಯರು ಬಿಟ್ಟ ಮೀನುಗಳು.* ಕಾಟ್ಲಾ, ರೋಹು, ಮೃಗಾಲ್ ಭಾರತದ ಬಹುತೇಕ ಜಲಾಶಯಗಳಲ್ಲಿ ಕಾಣಲು ಒಂದು ಕಾರಣವಿದೆ. ಇವು ಮಳೆಗಾಲದ ಪ್ರವಾಹದಲ್ಲಿ, ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ವಿಜ್ಞಾನಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರದ ಚುಚ್ಚುಮದ್ದು ಕೊಟ್ಟು ಈ ಗೆಂಡೆ ಮೀನುಗಳು ಕೊಳದಲ್ಲೇ ಮೊಟ್ಟೆಯಿಡುವಂತೆ ಮಾಡಿ ತೋರಿಸಿದರು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ಆಮೇಲೆ ಮರಿ ಕೇಂದ್ರಗಳಿಂದ ತಂದ ಮರಿಗಳನ್ನು ಜಲಾಶಯಗಳಿಗೆ ಬಿಡುವ ಪದ್ಧತಿ ಎಲ್ಲೆಡೆ ಬೆಳೆಯಿತು.

*ಮೂರನೆಯದು ಹೊರದೇಶದಿಂದ ಬಂದವು.* ಕರ್ನಾಟಕದಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ 1952ರಲ್ಲಿ ಆಫ್ರಿಕಾ ಮೂಲದಿಂದ ಭಾರತಕ್ಕೆ ಬಂತು. ಸಾಮಾನ್ಯ ಗೆಂಡೆಯೂ ಹೊರಗಿನದೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದ್ದರೂ ಅದು ಗೋದಾವರಿಯೂ ಸೇರಿದಂತೆ ಅನೇಕ ನದಿಗಳನ್ನು ಹೊಕ್ಕಿದೆ. ಕೊಳೆ ನೀರು ತಡೆದುಕೊಳ್ಳುವ, ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುವ, ಇತರ ಮೀನುಗಳ ಮೊಟ್ಟೆ ಮರಿಗಳನ್ನು ಕಬಳಿಸುವ ಇಂಥ ಮೀನುಗಳಿಂದ ಮೂಲ ಮೀನುಗಳಿಗೆ ಕುತ್ತು.

ದೇವಳಾಲಿಯ ಪುಟ್ಟ ಮೀನು

ರಾಮ್ಸರ್ ದಾಖಲೆ ಹೆಸರಿಸುವ ಆ ಅಪರೂಪದ ಮೀನಿನ ವೈಜ್ಞಾನಿಕ ಹೆಸರು ಪ್ಯಾರಾಸೈಲೊರಿಂಕಸ್ ಪ್ರಾಟೆರಿ. ಇಂಗ್ಲಿಷ್‌ನಲ್ಲಿ ಇದನ್ನು ದೇವಳಾಲಿ ಮಿನ್ನೋ ಎನ್ನುತ್ತಾರೆ. ಸೇನಾ ದಂಡುಪ್ರದೇಶವಾಗಿ ಹೆಸರಾದ ನಾಸಿಕ್ ಬಳಿಯ ದೇವಳಾಲಿಯಲ್ಲಿ, ದಾರಣಾ ನದಿಯಲ್ಲಿ ಸಿಕ್ಕ ಮಾದರಿಗಳನ್ನು ಆಧರಿಸಿ ಮೀನು ವಿಜ್ಞಾನಿಗಳಾದ ಸುಂದರ್‌ಲಾಲ್ ಹೋರಾ ಮತ್ತು ಮಿಶ್ರಾ 1938ರಲ್ಲಿ ಇದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯಲ್ಲಿ ಕ್ಯುರೇಟರ್ ಆಗಿದ್ದ ಎಸ್.ಎಚ್. ಪ್ರಾಟರ್ ಅವರ ಹೆಸರು ಮೀನಿಗೆ ಬಂತು.

ಈ ಗುಂಪಿನ ಮೀನುಗಳು ಪಶ್ಚಿಮ ಘಟ್ಟದ ಕಡೆಯ ಕಲ್ಲು ಹಾಸಿನ ತೊರೆಗಳಲ್ಲಿ ಬದುಕುವಂಥವು. ಬಾಯಿ ತಲೆಯ ಕೆಳಭಾಗದಲ್ಲಿದೆ, ಹೊಟ್ಟೆ ಚಪ್ಪಟೆ. ವೇಗದ ನೀರಿನಲ್ಲಿ ಕಲ್ಲಿಗೆ ಒತ್ತಿಕೊಂಡು ನಿಲ್ಲಲು ಈ ದೇಹರಚನೆ ನೆರವಾಗುತ್ತದೆ. ಬಲೆಗೆ ಬಿದ್ದರೂ ಮಾರುಕಟ್ಟೆಯಲ್ಲಿ ಬೆಲೆಯಿಲ್ಲದಷ್ಟು ಸಣ್ಣದು. ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಇದರ ಸ್ಥಾನ 'ಅತಿ ಗಂಭೀರ ಅಪಾಯದಲ್ಲಿರುವ ಪ್ರಭೇದ', ಅಂದರೆ ಕಾಡಿನಲ್ಲಿ ಸಂಪೂರ್ಣ ಅಳಿಯುವುದಕ್ಕೆ ಒಂದೇ ಮೆಟ್ಟಿಲು ಹಿಂದೆ. ಕಾವೇರಿಯ ಹಂಪ್‌ಬ್ಯಾಕ್ ಮಹಶೀರ್ 2018ರಲ್ಲಿ ಸೇರಿದ್ದು ಇದೇ ವರ್ಗಕ್ಕೆ. ಮಹಶೀರ್ ದೊಡ್ಡ ಮೀನು, ಗಾಳ ಹಾಕುವವರು ಜಗತ್ತಿನಾದ್ಯಂತ ಅದನ್ನು ಬಲ್ಲರು. ದೇವಳಾಲಿಯ ಮೀನಿಗೆ ಆ ಅದೃಷ್ಟ ಇಲ್ಲ.

ಈ ಮೀನಿನ ತವರಾದ ದೇವಳಾಲಿ ಇರುವುದು ದಾರಣಾ ಅಣೆಕಟ್ಟೆಯ ಕೆಳಗೆ, ನಾಂದೂರ್ ಮಧ್ಯಮೇಶ್ವರದ ಮೇಲೆ. ಅಂದರೆ ಟ್ಯಾಂಕ್ ಮತ್ತು ನಲ್ಲಿಯ ನಡುವೆ ನೀರು ಸಾಗಿಸುವ ಭಾಗ. ನದಿಯಲ್ಲಿ ಎಷ್ಟು ನೀರು, ಯಾವಾಗ ಹರಿಯುತ್ತದೆ ಎಂಬುದು ಮಳೆಗಾಲ ಮುಗಿದ ಮೇಲೆ ಬಹುಪಾಲು ಅಣೆಕಟ್ಟೆಯಿಂದ ನೀರು ಬಿಡುವ ವೇಳಾಪಟ್ಟಿಯನ್ನು ಅವಲಂಬಿಸಿದೆ. ಕಾಲುವೆಗೆ ನೀರು ಬೇಕಾದಾಗ ನದಿ ತುಂಬಿ ಹರಿಯುತ್ತದೆ. ಬೇಡವಾದಾಗ ಕಲ್ಲುಗಳ ನಡುವಿನ ಮಡುಗಳಷ್ಟೇ ಉಳಿಯುತ್ತವೆ. ಹರಿವನ್ನೇ ನಂಬಿದ ಮೀನಿಗೆ ಬರಗಾಲದ ಒಂದು ಬೇಸಿಗೆಯೂ ದೊಡ್ಡ ಪರೀಕ್ಷೆ.

ನೀರು ಯಾರಿಗೆ ಎಷ್ಟು?

ನಾಂದೂರ್ ಮಧ್ಯಮೇಶ್ವರದ ಒಡ್ಡಿನಲ್ಲಿ ಮೂರು ದಿಕ್ಕಿನ ಬೇಡಿಕೆ ಸೇರುತ್ತದೆ.

- ಹಳೆಯ ಎಡದಂಡೆ, ಬಲದಂಡೆ ಕಾಲುವೆಗಳು ನಾಸಿಕ್ ಜಿಲ್ಲೆಯ ಭಾಗಗಳಿಗೂ, ಅಹಿಲ್ಯಾನಗರ ಜಿಲ್ಲೆಯ ಕೋಪರ್‌ಗಾಂವ್ ಸುತ್ತಲಿನ ಕಬ್ಬಿನ ನಾಡಿಗೂ ನೀರು ಒಯ್ಯುತ್ತವೆ.
- ಹೊಸ ಜಲದ್ರುತಗತಿ ಕಾಲುವೆ, ಅಂದರೆ ಎಕ್ಸ್‌ಪ್ರೆಸ್ ಕೆನಾಲ್, ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ ಮತ್ತು ಗಂಗಾಪುರ ತಾಲೂಕುಗಳಿಗೆ ನೀರು ಕೊಡಲು ಇದೆ. ಇಗತ್‌ಪುರಿ ಭಾಗದ ಮುಕಣೆ, ಭಾವಲಿಯಂಥ ಅಣೆಕಟ್ಟುಗಳ ನೀರು ಇದಕ್ಕೆ ಆಧಾರ.
- ಒಡ್ಡು ದಾಟಿ ನದಿಯಲ್ಲೇ ಮುಂದೆ ಹೋಗುವ ನೀರು ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತದೆ.

ಜಾಯಕವಾಡಿಗೆ 1965ರಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು. 1976ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಇದರ ಹಿನ್ನೀರಿಗೆ ನಾಥಸಾಗರ ಎಂದು ಹೆಸರು. ಒಟ್ಟು ಸಾಮರ್ಥ್ಯ ಸುಮಾರು 102 ಟಿಎಂಸಿ, ಅಂದರೆ ಎರಡು ಕೆಆರ್‌ಎಸ್ ತುಂಬಿದರೂ ಇನ್ನಷ್ಟು ಜಾಗ ಉಳಿಯುತ್ತದೆ. ಮರಾಠವಾಡದ ಹೊಲಗಳು, ಛತ್ರಪತಿ ಸಂಭಾಜಿನಗರದ ಕುಡಿಯುವ ನೀರು, ಕೈಗಾರಿಕೆ ಎಲ್ಲವೂ ಇದನ್ನು ನಂಬಿವೆ. ಮೀನುಗಾರಿಕೆಯೂ ದೊಡ್ಡದು. ಭೋಯಿ ಸಮುದಾಯದ ಮೀನುಗಾರರು ಗೋದಾವರಿಯ ಈ ಭಾಗದಲ್ಲಿ ತಲೆಮಾರುಗಳಿಂದ ಬಲೆ ಬೀಸುತ್ತ ಬಂದವರು.

ಮೇಲ್ಭಾಗದ ನಾಸಿಕ್, ಅಹಿಲ್ಯಾನಗರದಲ್ಲಿ ಅಣೆಕಟ್ಟುಗಳು ಹೆಚ್ಚಿದಂತೆ ಕೆಳಗೆ ಬರುವ ನೀರು ಕಡಿಮೆಯಾಯಿತು ಎಂಬುದು ಮರಾಠವಾಡದ ದೂರು. ನಮ್ಮ ಬೆಳೆ ಒಣಗಿಸಿ ನೀರು ಬಿಡಬೇಕೇ ಎಂಬುದು ನಾಸಿಕ್ ರೈತರ ಪ್ರಶ್ನೆ. ಕಾವೇರಿ ವಿವಾದ ಕಂಡವರಿಗೆ ಎರಡೂ ಮಾತು ಪರಿಚಿತ. ಇಲ್ಲಿ ಜಗಳ ಒಂದೇ ರಾಜ್ಯದ ಒಳಗೆ. ಮಹಾರಾಷ್ಟ್ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ 2005ರ ಕಾಯ್ದೆಯಲ್ಲಿ ನದಿ ಕಣಿವೆಯ ನೀರನ್ನು ಸಮಾನವಾಗಿ ಹಂಚಬೇಕು ಎಂಬ ನಿಯಮವಿದೆ. ಮೆಂಢೆಗಿರಿ ಸಮಿತಿಯ 2013ರ ವರದಿ ಆಧರಿಸಿ 2014ರಲ್ಲಿ ಪ್ರಾಧಿಕಾರ ಆದೇಶ ನೀಡಿತು. ಬಾಂಬೆ ಹೈಕೋರ್ಟ್ 2016ರಲ್ಲಿ ಅದನ್ನು ಎತ್ತಿಹಿಡಿಯಿತು. ಇದರಂತೆ ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಬಳಕೆಗೆ ಸಿಗುವ ನೀರು ಶೇ. 65ಕ್ಕಿಂತ ಕಡಿಮೆ ಇದ್ದರೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಡಬೇಕಾಗುತ್ತದೆ. 2023ರಲ್ಲಿ ಮಳೆ ಕೈಕೊಟ್ಟಾಗ ಇದೇ ನಿಯಮದಂತೆ ನೀರು ಹರಿಸಲಾಯಿತು.

ಹೀಗೆ ಬಿಟ್ಟ ನೀರು ದಾರಿಯಲ್ಲಿ ನಿಲ್ಲದಂತೆ ಕೊಲ್ಹಾಪುರ ಮಾದರಿ ಬಾಂದಾರಗಳ ಹಲಗೆ ತೆಗೆಯಲಾಗುತ್ತದೆ. ಕೆಲವು ದಿನ ನದಿ ತುಂಬಿ ಹರಿದು, ಮತ್ತೆ ಇಳಿಯುತ್ತದೆ. ಈ ಎಲ್ಲ ಲೆಕ್ಕ ನಡೆಯುವುದು ಕುಡಿಯುವ ನೀರು, ನೀರಾವರಿ, ಕೈಗಾರಿಕೆಯ ಹೆಸರಿನಲ್ಲಿ. ಮೀನು ಮೊಟ್ಟೆಯಿಡುವ ಕಾಲಕ್ಕೆ, ಮರಿ ಬೆಳೆಯುವ ಜಾಗಕ್ಕೆ ಎಷ್ಟು ಹರಿವು ಬೇಕು ಎಂಬ ಪ್ರಶ್ನೆ ಈ ಜಗಳದ ನಡುವೆ ಕೇಳಿಬರುವುದೇ ಅಪರೂಪ.

ಕೆರೆಗೆ ಎದುರಾಗಿರುವ ಅಪಾಯಗಳು

ರಾಮ್ಸರ್ ದಾಖಲೆಯೇ ಮೂರು ಅಪಾಯಗಳನ್ನು ಗುರುತಿಸಿದೆ: ಹೊರಗಿನಿಂದ ಬಂದ ಕಳೆ, ನಗರಗಳ ಬೆಳವಣಿಗೆ ಮತ್ತು ಅತಿಯಾದ ನೀರೆತ್ತುವಿಕೆ.

ಕಳೆಗಳಲ್ಲಿ ಮುಖ್ಯವಾದದ್ದು ದಕ್ಷಿಣ ಅಮೆರಿಕ ಮೂಲದ ಅಂತರಗಂಗೆ. ಬೆಂಗಳೂರಿನ ಕೆರೆಗಳನ್ನು ನೋಡಿದವರಿಗೆ ಇದರ ಹಾವಳಿ ಗೊತ್ತು. ಚರಂಡಿ ನೀರಿನ ಸಾರಜನಕ, ರಂಜಕ ಸಿಕ್ಕರೆ ಇದು ವಾರಗಳಲ್ಲೇ ಹರಡುತ್ತದೆ. ನೀರಿನ ಮೇಲೆ ಹಾಸು ಬಿದ್ದಾಗ ಬೆಳಕು ಒಳಗಿಳಿಯುವುದಿಲ್ಲ, ತಳದ ಗಿಡ ಸಾಯುತ್ತದೆ. ಅದು ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಬೆಳಗಿನ ಜಾವ ಆಮ್ಲಜನಕ ಅತಿ ಕಡಿಮೆ ಇರುವ ಹೊತ್ತಿನಲ್ಲಿ ಮೀನು ಸಾಯುವುದು ಹೀಗೆ. ಆಗ ಉಳಿಯುವುದು ಕೊಳೆ ನೀರನ್ನೂ ಸಹಿಸುವ ಜಿಲೇಬಿ, ಕ್ಯಾಟ್‌ಫಿಶ್‌ನಂಥವು.

ಮೇಲ್ಭಾಗದಲ್ಲಿ ನಾಸಿಕ್ ನಗರ ಬೆಳೆಯುತ್ತಲೇ ಇದೆ. 12 ವರ್ಷಕ್ಕೊಮ್ಮೆ ನಡೆಯುವ ಸಿಂಹಸ್ಥ ಕುಂಭಮೇಳಕ್ಕೆ ಕೋಟ್ಯಂತರ ಜನ ಇದೇ ನದಿಗೆ ಬರುತ್ತಾರೆ. ಕೆರೆಯ ಸುತ್ತಲಿನ ನಿಫಾಡ್ ತಾಲೂಕು ದ್ರಾಕ್ಷಿ, ಕಬ್ಬು, ಈರುಳ್ಳಿಯ ನಾಡು. ಈರುಳ್ಳಿ ದರಕ್ಕಾಗಿ ದೇಶವೇ ನೋಡುವ ಲಾಸಲ್‌ಗಾಂವ್ ಮಾರುಕಟ್ಟೆ ಇದೇ ತಾಲೂಕಿನಲ್ಲಿದೆ. ಹೊಲಗಳ ಗೊಬ್ಬರ, ಕೀಟನಾಶಕ ಮಳೆಯಲ್ಲಿ ತೊಳೆದು ಬಂದರೆ ಸೇರುವುದು ಈ ತಗ್ಗಿನ ನೀರಿಗೆ. ಹೂಳು ಇನ್ನಷ್ಟು ತುಂಬಿದರೆ ಇಂದಿನ ಜೌಗು ನೆಲ ನಾಳೆ ಒಣ ನೆಲವಾಗುತ್ತದೆ. ಪೂರ್ತಿ ಹೂಳೆತ್ತಿದರೆ ಹಕ್ಕಿ ಮತ್ತು ಮರಿ ಮೀನುಗಳಿಗೆ ಬೇಕಾದ ಆಳವಿಲ್ಲದ ನೀರೇ ಇರುವುದಿಲ್ಲ. ಹಾಗಾಗಿ ಎಲ್ಲಿ ಎಷ್ಟು ಹೂಳೆತ್ತಬೇಕು ಎಂಬುದೂ ಎಚ್ಚರಿಕೆಯಿಂದ ತೀರ್ಮಾನಿಸಬೇಕಾದ ವಿಷಯ.

ಭೇಟಿ ನೀಡುವುದು ಹೇಗೆ?

ನಾಸಿಕ್‌ನಿಂದ ರಸ್ತೆಯಲ್ಲಿ ಸುಮಾರು 40 ಕಿ.ಮೀ. ನಿಫಾಡ್ ಹತ್ತಿರದ ರೈಲು ನಿಲ್ದಾಣ. ಹಕ್ಕಿ ನೋಡಲು ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಚಾಪಡ್‌ಗಾಂವ್ ಬಳಿ ವೀಕ್ಷಣಾ ಗೋಪುರವಿದೆ. ಮಳೆಗಾಲದಲ್ಲಿ ಒಡ್ಡಿನಿಂದ ಭಾರಿ ಪ್ರಮಾಣದ ನೀರು ಬಿಡುವುದರಿಂದ ನದಿ ಪಾತ್ರಕ್ಕೆ ಇಳಿಯುವುದು ಅಪಾಯಕಾರಿ.

ಗೋಪುರದಿಂದ ಹೆಬ್ಬಾತು, ರಾಜಹಂಸ, ಮೀನು ಹಿಡಿಯುವ ಡೇಗೆ ಕಾಣಬಹುದು. ದೇವಳಾಲಿಯ ಮೀನು ಯಾವ ಗೋಪುರದಿಂದಲೂ ಕಾಣುವುದಿಲ್ಲ. ಅದು ಉಳಿಯಬೇಕಾದರೆ ಪಕ್ಷಿಧಾಮದ ಬೇಲಿಯೊಳಗಿನ ರಕ್ಷಣೆ ಸಾಲದು. ಮೇಲಿನ ದಾರಣಾ ನದಿಯಲ್ಲಿ ಬೇಸಿಗೆಯಲ್ಲೂ ಒಂದಿಷ್ಟು ಶುದ್ಧ ನೀರು ಹರಿಯುತ್ತಿರಬೇಕು. ಆ ನೀರು ಕೊನೆಗೆ ನಾಂದೂರ್ ಮಧ್ಯಮೇಶ್ವರಕ್ಕೇ ಬರುವುದರಿಂದ, ಅದನ್ನು ನದಿಯಲ್ಲಿ ನಿರಂತರವಾಗಿ, ಸ್ವಲ್ಪ ಸ್ವಲ್ಪವಾಗಿ ಹರಿಸಿದರೆ ಕೆರೆಗೂ ಮೀನಿಗೂ ಅನುಕೂಲ. ಆದರೆ ಅದಕ್ಕೆ ನೀರು ಹಂಚುವ ಲೆಕ್ಕದಲ್ಲಿ ನದಿಗೂ ಒಂದು ಪಾಲು ಇಡಬೇಕಾಗುತ್ತದೆ.